ಸೋರುವ ಮನೆಯ ಜಾಹೀರಾತು

ನಿಮಗೆ ಮನೆ ಕಟ್ಟುವ ಭಾವ ಯಾರಾದರೂ ಇದ್ದಾರೆಯೇ? ಇಲ್ಲವಾದರೆ ಮನೆದೇವರಿಗೆ ಒಂದು ತೆಂಗಿನಕಾಯಿ ಒಡೆಯಿರಿ. ಇದ್ದು, ಅವರ ಕೈಯಲ್ಲಿ ಇನ್ನೂ ಹಳೆಯ ಬಟನ್ ಫೋನೇ ಇದ್ದರೆ ಎರಡು ಒಡೆಯಿರಿ! ನನ್ನ ಅಕ್ಕನ ಗಂಡ ಚನ್ನಗಿರಿಯಲ್ಲಿ ಕಂಟ್ರಾಕ್ಟರು. ನಾನು ಹೊನ್ನಾಳಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಎರಡೂ ಊರುಗಳ ನಡುವಿನ ದೂರ ಏನೇನೂ ಸಾಲದು ಎಂದು ನನಗೆ ತಿಳಿದದ್ದು ಅವರು ಆನ್‌ಲೈನ್ ಜಾಹೀರಾತು ಶುರು ಮಾಡಿದ ಮೇಲೆ. ನಾಚಿಕೆಯಿಂದ ಸಾಯುವುದು ಎನ್ನುತ್ತಾರಲ್ಲ, ಅದು ಬರೀ ಮಾತು. ಯಾರೂ ಸಾಯುವುದಿಲ್ಲ. ಮರುದಿನ ಎದ್ದು, ತಲೆ ಬಾಚಿಕೊಂಡು, ಮತ್ತೆ ಸ್ಟಾಫ್ ರೂಮಿಗೇ ಹೋಗಬೇಕಾಗುತ್ತದೆ.

ಆ ಸಲ ಅಡಿಕೆ ರೇಟು ಇಳಿದಿತ್ತು. ನಮ್ಮ ಕಡೆ ಅಡಿಕೆ ಕೆಳಗಿಳಿದರೆ ಗೋಡೆ ಮೇಲೇಳುವುದಿಲ್ಲ. ಪಾಯ ತೋಡಿದವರು ಪಾಯದಲ್ಲೇ ನಿಂತರು. ಪ್ಲಾನು ಬರೆಸಿದವರು ಪ್ಲಾನನ್ನು ಬೀರುವಿನಲ್ಲಿಟ್ಟರು. ಭಾವನ ಕಾಂಕ್ರೀಟ್ ಮಿಕ್ಸರಿನೊಳಗೆ ಬೀದಿನಾಯಿಯೊಂದು ಮರಿ ಹಾಕಿತು. ಮಾಳಿಗೆ ಹಾಕುವಾಗ ಹಾಸುವ ಸೆಂಟ್ರಿಂಗ್ ತಗಡುಗಳ ಮೇಲೆ ಅಕ್ಕ ಸಂಡಿಗೆ ಒಣಗಿಸಿದಳು. ಉಳಿದ ಕಂಟ್ರಾಕ್ಟರುಗಳೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತಾ ಕಾಲವನ್ನು ಬೈದುಕೊಂಡರು. ನಮ್ಮ ಭಾವ ಮಾತ್ರ ಫೋನು ನೋಡುತ್ತಾ ಕೂತರು. ಅದರೊಳಗೆ ಯಾರೋ ಟೈ ಕಟ್ಟಿದವನು, 'ಮಾರ್ಕೆಟ್ ಮಲಗಿದಾಗ ಎದ್ದು ಕೂಗಿದವನೇ ಗೆಲ್ಲೋದು! ಎಲ್ಲರೂ ಸುಮ್ಮನಿರುವಾಗ ನಿಮ್ಮ ದನಿ ಒಂದೇ ಕೇಳಿಸುತ್ತೆ' ಅಂದನಂತೆ. ಆ ಮಹಾನುಭಾವ ಎದುರಿಗೆ ಸಿಕ್ಕರೆ ನಾನೊಂದು ಮಾತು ಕೇಳುವುದಿದೆ: ನಮ್ಮ ಭಾವನ ದನಿ ಯಾವತ್ತಾದರೂ ಕೇಳಿಸದೆ ಇತ್ತೇ ಸ್ವಾಮಿ?

ಮುಂದಿನ ಭಾನುವಾರವೇ ಅವರ ಬೈಕು ನಮ್ಮ ಮನೆಯ ಮುಂದೆ ನಿಂತಿತು.

'ಮೇಷ್ಟ್ರೇ, ನೀನು ಬರಿ, ನಾನು ಮಾತಾಡ್ತೀನಿ. ವಿಡಿಯೋನೂ ನೀನೇ ಹಿಡಿ.'

ನಾನು ಕನ್ನಡ ಮೇಷ್ಟ್ರಲ್ಲವೇ? ತಲೆ ಕೆರೆದುಕೊಂಡು 'ನಿಮ್ಮ ಕನಸಿನ ಮನೆ, ನಮ್ಮ ಹೊಣೆ' ಎಂದು ಬರೆದುಕೊಟ್ಟೆ. ಪ್ರಾಸ ಇಲ್ಲದಿದ್ದರೂ ಲಯ ಇತ್ತು. ಭಾವ ಓದಿ ಮುಖ ಕಿವುಚಿದರು.

'ಕನಸಿನ ಮನೆ ಅಂದ್ರೆ ಬೆಳಿಗ್ಗೆ ಎದ್ದಾಗ ಇರಾಂಗಿಲ್ಲ ಅಂತ ತಿಳ್ಕಂತಾರೆ ಕಣಯ್ಯಾ!'

ಬರೆದದ್ದನ್ನು ಮಡಚಿ ಜೇಬಿಗಿಟ್ಟು, ನೇರವಾಗಿ ನಮ್ಮ ಮಾಳಿಗೆ ಹತ್ತಿದರು. ನಮ್ಮ ಮನೆ ಕಟ್ಟಿದ್ದು ಅವರೇ. ಹಿಂದೆ ತಂತಿಯ ಮೇಲೆ ನನ್ನ ತೂತುಬಿದ್ದ ಬನಿಯನ್ನುಗಳು ಸಾಲಾಗಿ ಒಣಗುತ್ತಿದ್ದವು. ತೆಗೆಯುತ್ತೇನೆ ಎಂದರೆ, 'ಇರ್ಲಿ, ಜನ ವಾಸ ಮಾಡೋ ಮನೆ ಅಂತ ಗೊತ್ತಾಗಬೇಕು' ಅಂದರು. ಆಮೇಲೆ ಫೋನಿನ ಕಡೆ ತಿರುಗಿ ಶುರು ಮಾಡಿದರು: 'ನಮಸ್ಕಾರ್ರೀ. ಈ ಮನೆ ನಾನೇ ಕಟ್ಟಿದ್ದು. ಗಟ್ಟಿ ಐತೆ. ಒಂದು ತಪ್ಪೈತೆ, ಬಚ್ಚಲು ಸಣ್ಣದಾಯ್ತು. ಆದ್ರೆ ಈ ಮನೆ ಯಜಮಾನ್ರೂ ಸಣ್ಣಕೇ ಅದಾರೆ, ನಡೀತೈತೆ.' ಎಂದವರೇ ನನ್ನ ಕೈಯಿಂದ ಫೋನು ಕಿತ್ತುಕೊಂಡು ನನ್ನ ಕಡೆಗೇ ಹಿಡಿದರು!

ಆ ವಾರ ನಾನು ಒಂಬತ್ತನೇ ತರಗತಿಗೆ ಹೋಗಿ ವ್ಯಾಕರಣ ಶುರು ಮಾಡುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ವಿನಯವಾದ ದನಿ ಬಂತು: 'ಸಾರ್, ಬಚ್ಚಲು ಸಾಕಾಗ್ತೈತಾ ಸಾರ್?'

ಜಾಹೀರಾತು ಯಾರಿಗೆ ಕಾಣಬೇಕು, ಯಾವ ಊರಿನವರಿಗೆ ಕಾಣಬೇಕು ಎಂದು ಮೊದಲೇ ಹೇಳಬೇಕಿತ್ತು. ಅದನ್ನು ತುಂಬುತ್ತಿದ್ದವನೂ ನಾನೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಕಿದ್ದೆ.

'ಜನರ ಆಸಕ್ತಿ ಏನು ಅಂತ ಕೇಳ್ತಿದೆ ಭಾವ,' ಎಂದೆ.

'ಹೊಸ ಮನೆ ಯಾರಿಗೆ ಬೇಕು ಹೇಳು? ಅಣ್ಣತಮ್ಮಂದಿರು ಜಗಳ ಆಡಿ ಬ್ಯಾರೆ ಹೋಗ್ತಾರಲ್ಲ, ಅವ್ರಿಗೆ. ಅದ್ರಾಗೆ ಜಗಳ ಅಂತ ಐತಾ ನೋಡು.'

'ಜಗಳ ಅಂತ ಇಲ್ಲ ಭಾವ.'

'ಹಂಗಾರೆ ಜಗಳೂರಾದ್ರೂ ಹಾಕು!'

ಹಾಕಿದೆ. ದಾವಣಗೆರೆಯ ಆಚೆಗಿರುವ ಬಯಲುಸೀಮೆಯ ಜಗಳೂರಿಗೂ ನಮಗೂ ಯಾವ ಸಂಬಂಧವೂ ಇಲ್ಲ ಎಂದುಕೊಂಡಿದ್ದೆ. ಅದು ಎಂಥ ತಪ್ಪು ತಿಳಿವಳಿಕೆ ಎಂಬುದು ಬೇಗನೆ ಗೊತ್ತಾಯಿತು.

ಮೊದಲು ಬಂದ ಕರೆ ನ್ಯಾಮತಿಯದು. ಭಾವ ಉಬ್ಬಿಹೋದರು. ಹೋಗಿ ನೋಡಿದರೆ ಆ ಪುಣ್ಯಾತ್ಮನಿಗೆ ಬೇಕಾಗಿದ್ದದ್ದು ಕೋಳಿಗೂಡು! ಬೇರೆ ಯಾರಾದರೂ ಆಗಿದ್ದರೆ ವಾಪಸು ಬರುತ್ತಿದ್ದರು. ನಮ್ಮ ಭಾವ ಪಾಯ ತೆಗೆದು, ಕಿಟಕಿಗೆ ಸಜ್ಜಾ ಇಳಿಸಿ, ಕೋಳಿಗಳು ಬಿಸಿಲಿಗೆ ನಿಲ್ಲಲಿ ಎಂದು ಮುಂದೆ ಒಂದು ಜಗಲಿಯನ್ನೂ ಕಟ್ಟಿ ಬಂದರು. ಅದರ ಫೋಟೋ ಮರುದಿನವೇ ಜಾಹೀರಾತಾಯಿತು: 'ಇಲ್ಲಿ ವಾಸ ಇರೋರು ಇದುವರೆಗೂ ಒಂದು ದೂರು ಹೇಳಿಲ್ಲ.' ಸ್ಟಾಫ್ ರೂಮಿನಲ್ಲಿ ನಮ್ಮ ಹೆಡ್ಮಾಸ್ಟರು ಅದನ್ನು ಗಟ್ಟಿಯಾಗಿ ಓದಿದರು. ನಾನು ಸೀಮೆಸುಣ್ಣ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದವನು ಗಂಟೆ ಹೊಡೆಯುವವರೆಗೆ ಮೇಲೇಳಲಿಲ್ಲ.

ಆದರೂ ಒಂದು ನಿಜವಾದ ಗಿರಾಕಿ ಸಿಕ್ಕಿತು. ನಲ್ಲೂರಿನವರು, ಎರಡಂತಸ್ತಿನ ಮನೆ. ಮಾತುಕತೆ ಮುಗಿದು, ಪೂಜೆಯ ದಿನ ನೋಡುವುದಷ್ಟೇ ಬಾಕಿ. ಮಿಕ್ಸರಿನಿಂದ ನಾಯಿಮರಿಗಳನ್ನು ಮೆಲ್ಲಗೆ ಎಬ್ಬಿಸಿ ಹಿತ್ತಿಲಿಗೆ ಕಳಿಸಿದ್ದೂ ಆಯಿತು. ಕೆಲಸದವರಿಗೆಲ್ಲ 'ಬರ್ರಪ್ಪಾ' ಎಂದು ಹೇಳಿ ಕಳಿಸಿದರು. ಅಷ್ಟರಲ್ಲಿ ಜಾಹೀರಾತಿನ ಕೆಳಗೆ ಒಬ್ಬ ಹೆಂಗಸು ಹೀಗೆ ಬರೆದರು: 'ನಮ್ಮ ಮನೆ ಕಟ್ಟಿದವರೂ ನೀವೇ. ಮಳೆ ಬಂದರೆ ಒಳಗೆ ಕೊಡೆ ಹಿಡಿದು ಕೂರಬೇಕು. ಎಷ್ಟು ಸಲ ಫೋನ್ ಮಾಡಿದರೂ ಸಿಗಲಿಲ್ಲ. ಸದ್ಯ, ಇಲ್ಲಾದರೂ ಸಿಕ್ಕಿರಿ.'

ಜಗಳೂರು ತಾಲ್ಲೂಕಿನ ಸೊಕ್ಕೆಯ ಅಂಗನವಾಡಿ ಟೀಚರಮ್ಮ ಅವರು. ಹಿಂದೊಮ್ಮೆ ಭಾವ ಆ ಕಡೆ ಹೋಗಿ ಅವರ ಮನೆ ಕಟ್ಟಿಕೊಟ್ಟಿದ್ದರು. ಫೋನ್ ಯಾಕೆ ಸಿಗಲಿಲ್ಲ ಎಂದರೆ, ಭಾವನ ಹಳೆಯ ಫೋನು ಮಾಳಿಗೆ ಹಾಕುವಾಗ ಜೇಬಿನಿಂದ ಜಾರಿ ಹಸಿ ಕಾಂಕ್ರೀಟಿನೊಳಗೆ ಹೋಗಿತ್ತು. ಈಗಲೂ ಸವಳಂಗದ ಯಾರದ್ದೋ ತಲೆಯ ಮೇಲೆ ಅದು ಭದ್ರವಾಗಿದೆ! ಜೊತೆಗೆ ಹೋದದ್ದು ಅವರ ಹಳೆಯ ನಂಬರು.

ಅಲ್ಲ, ಜಗಳೂರಿನ ಕಡೆ ಮಳೆ ಬರುವುದೇ ಅಪರೂಪ. ಅಲ್ಲಿಯೂ ಸೋರುವಂಥ ಮನೆ ಕಟ್ಟಬೇಕಾದರೆ ಅದಕ್ಕೆ ಬೇರೆಯೇ ಪ್ರತಿಭೆ ಬೇಕಲ್ಲವೇ?

ನಾನು ಗಾಬರಿಯಿಂದ ಫೋನ್ ಮಾಡಿದೆ. 'ಭಾವ, ನಲ್ಲೂರಿನವರು ನೋಡೋದರೊಳಗೆ ಅದನ್ನು ಅಳಿಸಿಬಿಡಿ!'

'ಅಳಿಸಿದ್ರೆ ಸೋರೋದು ನಿಲ್ತೈತೇನಯ್ಯಾ?'

ಅವರು ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಹೇಳುವ ಅಗತ್ಯವೂ ಇರುತ್ತಿರಲಿಲ್ಲ. ತಾವೇ ಫೋನ್ ಹಿಡಿದು ಒಂದು ವಿಡಿಯೋ ಮಾಡಿದರು. 'ಸೊಕ್ಕೆ ಟೀಚರಮ್ಮಾರೇ, ನಿಮ್ಮ ಮನೆ ಸೋರ್ತೈತೆ ಅಂತ ಓದಿದೆ. ಕಟ್ಟಿದ್ದು ನಾನೇ, ತಪ್ಪು ನಂದೇ. ಬರ್ತಾ ಇದೀನಿ.' ಸಿಟ್ಟು ಬಂದವರು ಹೇಳಿ ಹೋಗಿಬಿಡುತ್ತಾರೆ, ತಿರುಗಿ ನೋಡುವುದಿಲ್ಲ, ಅವರ ಕಣ್ಣಿಗೆ ಬೀಳದಿದ್ದರೆ ಹೇಗೆ ಎಂದು ಯೋಚಿಸಿ, ಕೈಯಿಂದ ದುಡ್ಡು ಕಟ್ಟಿ ಆ ವಿಡಿಯೋವನ್ನೇ ಜಾಹೀರಾತು ಮಾಡಿಬಿಟ್ಟರು! ಟೀಚರಮ್ಮನ ಜೊತೆಗೆ ನಾಲ್ಕು ತಾಲ್ಲೂಕಿನವರೂ ನೋಡಿದರು.

'ಏನ್ರೀ ಮೇಷ್ಟ್ರೇ,' ಎಂದರು ಹೆಡ್ಮಾಸ್ಟರು, 'ಜನ ತಮ್ಮ ತಪ್ಪು ಮುಚ್ಚಾಕೆ ದುಡ್ಡು ಕೊಡ್ತಾರೆ. ನಿಮ್ಮ ಭಾವ ಹೇಳಾಕೆ ಕೊಡ್ತಾರಲ್ರೀ!'

ನಲ್ಲೂರಿನವರೂ ನೋಡಿದರು. 'ಸದ್ಯಕ್ಕೆ ಬ್ಯಾಡ ಬಿಡ್ರಿ' ಎಂದು ಹೇಳಿ ಕಳಿಸಿದರು. ಆ ಕೆಲಸವಿಲ್ಲದ ಕಾಲದಲ್ಲಿ ಸಿಕ್ಕಿದ್ದ ಒಂದೇ ಒಂದು ಮನೆ ಹೋಯಿತು. ಬರಹೇಳಿದ್ದ ಕೆಲಸದವರಿಗೆ ಬರಬೇಡಿ ಎಂದು ಹೇಳಲು ಭಾವ ತಾವೇ ಒಬ್ಬೊಬ್ಬರ ಮನೆಗೆ ಹೋದರು. ನಾಯಿ ಮರಿಗಳ ಸಮೇತ ಮಿಕ್ಸರಿಗೆ ವಾಪಸಾಯಿತು. ಅಕ್ಕ ನನ್ನೆದುರಿಗೇ ರೇಗಿದಳು.

'ಊರ ಮನೆಗೆಲ್ಲಾ ಮಾಳಿಗೆ ಹಾಕ್ತೀರಿ. ನಿಮ್ಮ ಬಾಯಿಗೊಂದು ಮುಚ್ಚಳ ಹಾಕ್ಕಳಾಕೆ ಬರಲ್ವಾ?'

ಭಾವ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡು ದಿನ ರಜೆ ಇತ್ತು. 'ನೀನೂ ಜೊತೆಗೆ ಹೋಗು' ಎಂಬ ಅಕ್ಕನ ಮಾತಿಗೆ ಕಟ್ಟುಬಿದ್ದು ನಾನೂ ಬೈಕಿನ ಹಿಂದೆ ಕೂತು ಸೊಕ್ಕೆಗೆ ಹೋದೆ. ದಾರಿಯುದ್ದಕ್ಕೂ ಮೆಕ್ಕೆಜೋಳದ ಹೊಲ, ಗಾಳಿ, ಮತ್ತು ಮಾತಿಲ್ಲದ ಭಾವ. ಕಟ್ಟಿದವರಿಗೇ ದಾರಿ ಮರೆತಿದ್ದರಿಂದ, ಟೀಚರಮ್ಮನ ಮನೆ ಎಲ್ಲಿ ಎಂದು ಟೀ ಅಂಗಡಿಯಲ್ಲಿ ಕೇಳಬೇಕೆಂದು ಬೈಕು ನಿಲ್ಲಿಸಿದೆವು. ಕೇಳುವ ಅಗತ್ಯವೇ ಬೀಳಲಿಲ್ಲ.

'ಏ, ಸೋರೋ ಮನೆ ಕಂಟ್ರಾಕ್ಟರ್ ಬಂದ್ರು ನೋಡ್ರೋ!' ಎಂದು ಒಬ್ಬ ಕೂಗಿದ. ಇನ್ನೊಬ್ಬ ನನ್ನ ಮುಖವನ್ನೇ ದಿಟ್ಟಿಸಿ, 'ಇವ್ರು ಸಣ್ಣ ಬಚ್ಚಲಿನೋರಲ್ವಾ?' ಅಂದ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸೊಕ್ಕೆಯ ಭೂಮಿ ಒಣಗಿ ಬಿರುಕು ಬಿಟ್ಟಿತ್ತು ನಿಜ. ಆದರೆ ಮೇಷ್ಟ್ರೊಬ್ಬ ಹಿಡಿಸುವಷ್ಟಲ್ಲ.

ಟೀಚರಮ್ಮನಿಗೆ ಐವತ್ತರ ಮೇಲಾಗಿತ್ತು. ಒಂಟಿ ಜೀವ, ನಡುಮನೆ ಮತ್ತು ಅಡುಗೆಮನೆಯ ಪುಟ್ಟ ಮನೆ. ಛಾವಣಿಯ ನಟ್ಟನಡುವೆ ದೊಡ್ಡದೊಂದು ಕಂದು ಕಲೆ. ಅದರ ಕೆಳಗಿರಬೇಕಾದ ಮಂಚ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಮೂಲೆ ಸೇರಿತ್ತು. ಒಳಗೆ ಹೋಗಬೇಕೆಂದರೆ ಅವರು ಮೈ ಓರೆ ಮಾಡಿಕೊಂಡು ದಾಟುತ್ತಿದ್ದರು.

'ಒಳಗೆ ಬರ್ರಿ,' ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

ಭಾವ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತರು. ಕಣ್ಣು ಕಲೆಯ ಮೇಲೆ ನೆಟ್ಟಿತ್ತು. ಕಿವಿ ಕೆಂಪಾಗಿತ್ತು. 'ಮೊದ್ಲು ಮಾಳಿಗೆ ನೋಡ್ತೀನಿ ಅಮ್ಮಾರೇ. ಆಮ್ಯಾಲೆ ಒಳಗೆ ಬರ್ತೀನಿ.'

ಮೇಲೆ ಹತ್ತಿ, ಮೊಣಕಾಲೂರಿ, ಅಂಗೈಯಿಂದ ಇಡೀ ಮಾಳಿಗೆ ಸವರಿದರು. ನೀರು ಹರಿದುಹೋಗುವ ಕೊಳವೆಯ ಕಡೆಗೆ ಇಳಿಜಾರು ಇರಲೇ ಇಲ್ಲ. ಬಂದ ಮಳೆಯೆಲ್ಲ ನಡುವೆಯೇ ನಿಂತು ಕೆಳಗಿಳಿಯುತ್ತಿತ್ತು. 'ನೀರಿಗೆ ದಾರೀನೇ ಬಿಟ್ಟಿಲ್ಲಲ್ಲಯ್ಯಾ ನಾನು,' ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. 'ಆ ಸಲ ಬ್ಯಾರೆ ಕಡೆ ಎರಡು ಮನೆ ಹಿಡಿದಿದ್ದೆ. ಲಗೂನ ಮುಗಿಸಿ ಓಡಿಬಿಟ್ಟೆ.'

ರಜೆ ಮುಗಿದು ನಾನು ಬೈಕು ತೆಗೆದುಕೊಂಡು ವಾಪಸಾದೆ. ಅವರು ಅಲ್ಲೇ ಗುಡಿಯ ಜಗಲಿಯ ಮೇಲೆ ಮಲಗಿ, ಊರಿನ ಇಬ್ಬರನ್ನು ಕರೆದುಕೊಂಡು, ಮಾಳಿಗೆಯ ಮೇಲ್ಪದರ ಕಿತ್ತು ಹೊಸದಾಗಿ ಇಳಿಜಾರು ಕಟ್ಟಿದರು. ಅಷ್ಟರಲ್ಲಿ ಅವರಿಗೆ ಫೋನುಗಳು ಬರತೊಡಗಿದ್ದವು. ಹೊಸ ಮನೆಯವರಲ್ಲ, ಎಲ್ಲರೂ ಸೋರುವವರೇ! ಒಬ್ಬ ಅಂತೂ, 'ನಮ್ಮನೆ ಕಟ್ಟಿದೋನು ತಪ್ಪು ಒಪ್ಕಳ್ತಾನೇ ಇಲ್ಲ. ನೀವಾದ್ರೂ ಬಂದು ಒಪ್ಕಳ್ರಿ' ಎಂದು ಗೋಗರೆದನಂತೆ.

ಮುಂದಿನ ಭಾನುವಾರ ಅವರನ್ನು ಕರೆತರಲು ಹೋದಾಗ ಸೊಕ್ಕೆಯಲ್ಲಿ ಗಲಾಟೆಯೋ ಗಲಾಟೆ. ಭಾವ ಟ್ಯಾಂಕರ್ ತರಿಸಿ, ಕೊಳವೆಗಳ ಬಾಯಿಗೆ ಬಟ್ಟೆ ತುರುಕಿ, ಮಾಳಿಗೆ ತುಂಬ ನೀರು ನಿಲ್ಲಿಸಿದ್ದರು. ಸೋರಿದರೆ ತಮ್ಮೆದುರಿಗೇ ಸೋರಲಿ ಎಂದು.

'ಕುಡಿಯಾಕೆ ನೀರಿಲ್ಲ, ನೀವು ಮಾಳಿಗೆ ಮ್ಯಾಲೆ ಕೆರೆ ಕಟ್ಟೀರಾ?' ಎಂದು ಪಕ್ಕದ ಮನೆಯ ಅಜ್ಜಿ ಕೂಗಾಡುತ್ತಿತ್ತು.

'ಒಂದು ಹನಿ ಚೆಲ್ಲಲ್ಲಜ್ಜಿ, ಸಂಜೆಗೆ ಪೈಪಿಟ್ಟು ಎಲ್ಲಾ ನಿಮ್ಮ ತೊಟ್ಟಿಗೇ ಇಳಿಸ್ತೀನಿ,' ಎಂದು ಮೇಲಿನಿಂದ ಭಾವ.

ಊಟದ ಹೊತ್ತಿನವರೆಗೂ ನಡುಮನೆಯಲ್ಲಿ ಕತ್ತು ಮೇಲೆತ್ತಿಕೊಂಡು ನಿಂತೆವು. ಅಜ್ಜಿಯೂ ಬಂದು ನಿಂತಿತು. ಛಾವಣಿ ಒಣಗಿಯೇ ಇತ್ತು. ಒಬ್ಬೊಬ್ಬರಾಗಿ ಎಲ್ಲರೂ ಮನೆಗೆ ಹೋದರು.

ಟೀಚರಮ್ಮ ಮೂಲೆಯ ಮಂಚದ ತಲೆದೆಸೆ ಹಿಡಿದರು. ನಾನು ಇನ್ನೊಂದು ತುದಿ ಹಿಡಿದೆ. ಅದನ್ನು ಕಲೆಯ ನೇರ ಕೆಳಗೆ ತಂದಿಟ್ಟೆವು.

'ಮಲ್ಕಳ್ರಿ ಅಣ್ಣಾರೇ,' ಎಂದರು ಅವರು.

'ಅಯ್ಯೋ, ಮೈಯೆಲ್ಲಾ ಸಿಮೆಂಟೈತೆ ಅಮ್ಮಾರೇ.'

'ಸಿಮೆಂಟು ಕೊಡವಿದ್ರೆ ಹೋಗ್ತೈತೆ. ಮಲ್ಕಂಡು ಮ್ಯಾಲೆ ನೋಡ್ರಿ ಒಂದು ಸಲ.'

ಭಾವ ಮಂಚದ ಅಂಚಿಗೆ ಕೂತು, ಹೇಳಿದ ಮಾತು ಕೇಳುವ ಮಗುವಿನಂತೆ ಮೆಲ್ಲಗೆ ಅಡ್ಡಾದರು. ಎರಡೂ ಕೈ ಎದೆಯ ಮೇಲಿಟ್ಟುಕೊಂಡು ಛಾವಣಿಯನ್ನೇ ನೋಡಿದರು. ತುಂಬ ಹೊತ್ತು ನೋಡಿದರು.

'ಎಷ್ಟೊಂದು ಮನೆ ಕಟ್ಟಿದೀನಿ,' ಎಂದರು ಕೊನೆಗೆ. 'ಒಂದ್ರಾಗೂ ಹಿಂಗೆ ಮಲಗಿ ನೋಡಿಲ್ಲ ಅಮ್ಮಾರೇ.'

ಟೀಚರಮ್ಮ ಫ್ಯಾನು ಹಾಕಿ ಅಡುಗೆಮನೆಗೆ ಹೋದರು. ಈಗ ಓರೆಯಾಗದೆ, ನೇರವಾಗಿ ನಡೆದು ಹೋದರು. ಅಕ್ಕಿ ತೊಳೆಯುವ ಸದ್ದು ಬಂತು. ಭಾವನ ಕಣ್ಣಂಚಿನಿಂದ ಇಳಿದದ್ದು ಕಿವಿಯ ಹತ್ತಿರ ಸಿಮೆಂಟಿನ ಧೂಳಿನೊಳಗೆ ಒಂದು ಗೆರೆ ಎಳೆಯಿತು. ಸ್ವಲ್ಪ ಹೊತ್ತಿಗೆ ಉಸಿರು ಭಾರವಾಯಿತು. ಅಷ್ಟು ದಿನದ ನಿದ್ದೆ ಬಾಕಿ ಇತ್ತೋ ಏನೋ, ತಲೆಯ ಮೇಲೆ ಒಂದು ಕೆರೆ ಹೊತ್ತುಕೊಂಡು ಗಾಢವಾಗಿ ಮಲಗಿಬಿಟ್ಟರು.

ನಾನು ಹೊರಗೆ ಬಂದು ಬಾಗಿಲಲ್ಲಿ ನಿಂತೆ. ಟೀ ಅಂಗಡಿಯವರೆಲ್ಲ ಗುಂಪಾಗಿ ಬರುತ್ತಿದ್ದರು.

'ಏನ್ರೀ, ಸೋರ್ತಾ?' ಎಂದು ಅಷ್ಟು ದೂರದಿಂದಲೇ ಒಬ್ಬ ಕೂಗಿದ.

ನಾನು ತುಟಿಯ ಮೇಲೆ ಬೆರಳಿಟ್ಟೆ.

'ಮೆಲ್ಲಕೆ ಮಾತಾಡ್ರಿ,' ಎಂದೆ. 'ನಮ್ಮ ಭಾವ ಮಲಗಿದಾರೆ.'