ಮುನ್ನೂರರ ಕುರ್ಚಿ

ಕೊಯ್ಲು ಮುಗಿದಿತ್ತು. ಹಿಟ್ಟಿನ ಗಿರಣಿ ಬೆಳಗಿನಿಂದಲೇ ಗುಡುಗುಡು ಎನ್ನುತ್ತಿತ್ತು. ಮೂರು ತಿಂಗಳು ಹೊಲದಲ್ಲಿ ಬೆಳೆಯಲು ಬಿಟ್ಟ ತಲೆಗಳೆಲ್ಲ ಈಗ ಕ್ಷೌರದಂಗಡಿಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದವು. ಕ್ಷೌರಿಕ ಬಾಗಿಲು ತೆರೆದು ಮಾಡಿದ ಮೊದಲ ಕೆಲಸವೆಂದರೆ, ದರದ ಹಲಗೆಯ ಮೇಲಿದ್ದ ಎಂಬತ್ತನ್ನು ಅಳಿಸಿ ನೂರು ಎಂದು ಬರೆದದ್ದು. ಬ್ಲೇಡು, ಸೋಪು, ಬಾಡಿಗೆ ಎಲ್ಲವೂ ಅಟ್ಟ ಹತ್ತಿದ ಮೇಲೆ ಅವನೊಬ್ಬ ನೆಲದ ಮೇಲೆ ಕೂತು ಮಾಡುವುದೇನು?

ಎದುರಂಗಡಿಯ ದರ್ಜಿ ಹೊಲಿಗೆ ನಿಲ್ಲಿಸದೆ ಕೂಗಿದ: "ಯಾರಿಗಯ್ಯಾ ನೂರು? ಗಿರಣಿ ಯಜಮಾನರಿಗೂನಾ?"

ಬೆಂಚು ಪೂರ್ತಿ ನಕ್ಕಿತು. ಕ್ಷೌರಿಕ ನಗಲಿಲ್ಲ.

ಮೂವತ್ತು ವರ್ಷದ ಹಿಂದೆ ಅಂಗಡಿ ಇಡುವಾಗ, ಈ ಕುರ್ಚಿ ಕೊಳ್ಳಲೆಂದು ಗಿರಣಿ ಯಜಮಾನರು ಅವನಿಗೆ ಮುನ್ನೂರು ರೂಪಾಯಿ ಕೊಟ್ಟಿದ್ದರು. ಸಾಲವಾಗಿ ಅಲ್ಲ, ಅವರು ಬದುಕಿರುವವರೆಗೂ ತಿಂಗಳಿಗೊಂದು ಕ್ಷೌರ ಎಂಬ ಕರಾರಿನ ಮೇಲೆ. ಆಗ ತಲೆಗೆ ಮೂರು ರೂಪಾಯಿ. ನೂರು ತಲೆಯ ಹಣ ಒಂದೇ ಗಂಟಿನಲ್ಲಿ ಕೈಗೆ ಬಂದಾಗ ಕ್ಷೌರಿಕನಿಗೆ ಯಜಮಾನರ ಮೇಲೆ ಕನಿಕರವೇ ಹುಟ್ಟಿತ್ತು, ಏಕೆಂದರೆ ಅವರಿಗೆ ಆಗಲೇ ಉಬ್ಬಸವಿತ್ತು. ಉಬ್ಬಸ ಇವತ್ತಿಗೂ ಇದೆ. ಯಜಮಾನರೂ ಇದ್ದಾರೆ.

ನಿವೃತ್ತ ಮೇಷ್ಟ್ರ ತಲೆ ಅರ್ಧಕ್ಕೆ ಬಂದಿದ್ದಾಗ ಯಜಮಾನರು ಏದುಸಿರು ಬಿಡುತ್ತಾ ಒಳಗೆ ಬಂದರು. ಹುಬ್ಬಿನ ಮೇಲೆಲ್ಲ ಹಿಟ್ಟು.

ಕ್ಷೌರಿಕ ಕತ್ತರಿ ಕೆಳಗಿಟ್ಟು ನೂರರ ಮೂರು ನೋಟು ಚಾಚಿದ. "ಯಜಮಾನ್ರೇ, ತಗೊಳ್ಳಿ ನಿಮ್ಮ ಮುನ್ನೂರು. ಇವತ್ತಿಗೆ ಕರಾರು ಮುಗೀತು. ಇನ್ಮೇಲೆ ನಿಮಗೂ ನೂರೇ."

ಯಜಮಾನರು ನೋಟುಗಳನ್ನು ದೂರದ ನೆಂಟರನ್ನು ನೋಡುವಂತೆ ನೋಡಿದರು. "ನಾನು ಕೊಟ್ಟ ಮುನ್ನೂರು ಇದಲ್ಲಪ್ಪಾ. ಹೆಸರು ಅದೇ, ಆಳು ಬೇರೆ. ಅದು ಒಂದು ಕುರ್ಚೀನ ಹೊತ್ಕೊಂಡು ಬಂದಿತ್ತು. ಇದಕ್ಕೆ ಮೂರು ತಲೆ ಬೋಳಿಸೋದೂ ಕಷ್ಟ."

"ನಿಜ ನಿಜ," ಎಂದು ದರ್ಜಿ ಟೇಪು ಕೊರಳಿಗೆ ಹಾಕಿಕೊಂಡೇ ರಸ್ತೆ ದಾಟಿ ಬಂದ. "ಆಗ ಮುನ್ನೂರಕ್ಕೆ ಮೂವತ್ತು ಅಂಗಿ ಹೊಲೀತಿದ್ದೆ. ಇವತ್ತು ಒಂದು ಅಂಗಿಗೇ ಮುನ್ನೂರು, ಒಟ್ಟು ಒಂಬತ್ತು ಸಾವಿರ ಆಯ್ತು ನೋಡು."

"ಒಂಬತ್ತೇ?" ಮೇಷ್ಟ್ರು ಕುರ್ಚಿಯಲ್ಲೇ ತಿರುಗಿದರು. "ಆ ಮುನ್ನೂರು ಆಗ ನನ್ನ ಅರ್ಧ ತಿಂಗಳ ಸಂಬಳ ಕಣಯ್ಯಾ! ಈಗಿನ ಮೇಷ್ಟ್ರುಗಳದ್ದು ಅರ್ಧ ಅಂದ್ರೆ ಇಪ್ಪತ್ತೈದು ಸಾವಿರ."

"ಮೇಷ್ಟ್ರೇ, ನಿಮ್ಮದಿನ್ನೂ ಅರ್ಧ ತಲೆ ನನ್ನ ಕೈಲಿದೆ," ಎಂದ ಕ್ಷೌರಿಕ.

"ನ್ಯಾಯ ಬೇರೆ, ತಲೆ ಬೇರೆ."

ಹಾಲು ಅಳೆಯಲು ಬಂದಿದ್ದ ಅಜ್ಜಿ ಬಾಗಿಲಲ್ಲೇ ಚೆಂಬು ಇಳಿಸಿದಳು. "ಆ ವರ್ಷ ನಾನು ಮುನ್ನೂರಕ್ಕೆ ನಾಲ್ಕು ಆಡು ತಂದಿದ್ದೆ ಮಗಾ. ಈಗ ಕೊಟ್ಟಿಗೇಲಿ ಕಾಲಿಡೋಕೆ ಜಾಗ ಇಲ್ಲ. ಮರಿಗಳ ಲೆಕ್ಕ ಯಾರು ಹಾಕ್ತಾರೆ?"

ಕ್ಷೌರಿಕನ ಕಣ್ಣಮುಂದೆ ಒಂದು ಮಂದೆಯೇ ಹಾದುಹೋಯಿತು. "ನಾನು ಕತ್ತರಿಸಿದ್ದು?" ಎಂದು ಕಿರುಚಿದ. "ಮುನ್ನೂರರವತ್ತು ಸಲ! ನೂರರಂತೆ ಹಾಕಿ, ಮೂವತ್ತಾರು ಸಾವಿರ!"

"ಹಾಗೆ ಹಾಕೋಕ್ಕಾಗಲ್ಲ," ಎಂದರು ಮೇಷ್ಟ್ರು. "ಮೂರು ರೂಪಾಯಿ ಕಾಲದ್ದು ಮೂರು, ಹತ್ತರ ಕಾಲದ್ದು ಹತ್ತು." ಎದ್ದು, ಸೋಪಿನ ನೊರೆಯಲ್ಲಿ ಬೆರಳದ್ದಿ, ಕನ್ನಡಿಯ ಮೇಲೆ ವರ್ಷವಾರು ಬರೆಯತೊಡಗಿದರು. ಹತ್ತನೆಯ ವರ್ಷಕ್ಕೆ ಬರುವಷ್ಟರಲ್ಲಿ ಮೊದಲಿನ ಐದು ವರ್ಷ ಕರಗಿ ಹರಿಯುತ್ತಿತ್ತು. ಸೊನ್ನೆಗಳು ಜಾರಿ ಎಲ್ಲೆಲ್ಲಿಯೋ ಸೇರಿಕೊಂಡು ಮೊತ್ತ ತಾನೇ ತಾನಾಗಿ ಬೆಳೆಯುತ್ತಿತ್ತು. ಬೆಂಚಿನವರು ಒಬ್ಬೊಬ್ಬರೇ ಎದ್ದು ಹೋದರು. ಮಧ್ಯಾಹ್ನವಾದರೂ ಹೊಸ ದರದ ಒಂದು ನೂರೂ ಗಲ್ಲಾಪೆಟ್ಟಿಗೆಗೆ ಬಿದ್ದಿರಲಿಲ್ಲ.

ಕೊನೆಗೆ ಯಜಮಾನರೇ ಕೈಯೆತ್ತಿದರು. "ಅಂಗಿ ಬೇಡ, ಆಡು ಬೇಡ. ನಾನು ದುಡ್ಡು ಕೊಟ್ಟಿದ್ದು ಕುರ್ಚಿಗೆ. ಆ ಹಳೇ ಕುರ್ಚೀನೇ ನನಗೆ ಕೊಟ್ಬಿಡು. ನಿನಗೂ ನನಗೂ ಚುಕ್ತಾ."

ಮಂದೆಯಿಂದ ಪಾರಾದ ಕ್ಷೌರಿಕ ಯೋಚಿಸಲೇ ಇಲ್ಲ. "ಆಯ್ತು! ಮೂರು ಜನ ಸಾಕ್ಷಿ! ಕುರ್ಚಿ ನಿಮ್ಮದು, ಕರಾರು ಖಲಾಸ್!"

ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ಮೇಷ್ಟ್ರು ಉಳಿದರ್ಧಕ್ಕೆಂದು ಕೂರಲು ಹೋದರು.

"ಮೇಷ್ಟ್ರೇ," ಎಂದರು ಯಜಮಾನರು ಮೆಲ್ಲಗೆ, "ಅದು ನಂದು."

ದರ್ಜಿಯ ಸ್ಟೂಲು ತಂದರು. ಅದರ ಮೇಲೆ ಕೂತ ಮೇಷ್ಟ್ರ ತಲೆ ಕ್ಷೌರಿಕನ ಹೊಟ್ಟೆಯ ಮಟ್ಟಕ್ಕೆ ಬಂತು. ಎರಡು ಸಲ ಬಗ್ಗುವಷ್ಟರಲ್ಲಿ ಸೊಂಟ ಹಿಡಿಯಿತು. ಮೂರನೆಯ ಸಲಕ್ಕೆ ಮೇಷ್ಟ್ರ ಕಿವಿ ಸ್ವಲ್ಪದರಲ್ಲಿ ಉಳಿಯಿತು.

"ಹೊಸದು ಎಷ್ಟಿರಬಹುದು?" ಕ್ಷೌರಿಕ ಸೊಂಟ ನೀವಿಕೊಂಡ.

"ಪೇಟೆಯಲ್ಲಿ ಇಪ್ಪತ್ತೆರಡು ಸಾವಿರ. ಹೋದ ತಿಂಗಳ ರೇಟು ಅದು," ಎಂದ ದರ್ಜಿ.

ಕ್ಷೌರಿಕ ಗೋಡೆಗೆ ಒರಗಿ ನಿಂತ. ಯಜಮಾನರಿಗೆ ಮರುಕ ಬಂತು. "ಹೋಗ್ಲಿ ಬಿಡು, ಗಿರಣಿ ಧೂಳಿನಲ್ಲಿ ನಾನೆಲ್ಲಿ ಇಡಲಿ ಇದನ್ನ? ಇಲ್ಲೇ ಇರಲಿ. ಬಾಡಿಗೆಗೆ ಇಟ್ಕೋ."

"ದೊಡ್ಡ ಮನಸ್ಸು ನಿಮ್ಮದು. ತಿಂಗಳಿಗೆ ಎಷ್ಟು ಕೊಡ್ಲಿ?"

"ದುಡ್ಡಾ? ಛೆ ಛೆ. ದುಡ್ಡಿನ ಗತಿ ಏನಾಗುತ್ತೆ ಅಂತ ಬೆಳಗಿಂದ ಕನ್ನಡಿ ಮೇಲೆ ನೋಡ್ತಾನೇ ಇದೀವಲ್ಲ. ತಿಂಗಳಿಗೊಂದು ಕ್ಷೌರ ಮಾಡಿಬಿಡು, ಸಾಕು."

"ನೀವು ಬದುಕಿರೋವರೆಗೂನಾ?"

"ನನ್ನ ಉಬ್ಬಸ ನಂಬಿ ಏನು ಹೇಳೋದು? ಕುರ್ಚಿ ಬಾಳೋವರೆಗೂ ಅಂತ ಇಟ್ಕೊಳ್ಳೋಣ. ನನ್ನ ನಂತರ ಮಗ ಬರ್ತಾನೆ."

ದರ್ಜಿ ಬಗ್ಗಿ ಕುರ್ಚಿಯ ಕಾಲನ್ನು ಬೆರಳಿನ ಗಿಣ್ಣಿನಿಂದ ತಟ್ಟಿದ. ಠಣ್ ಎಂದಿತು. "ಎರಕದ ಕಬ್ಬಿಣ," ಎಂದ ಮೆಚ್ಚಿ. "ಮೊಮ್ಮಗನೂ ಬರಬಹುದು."

ಯಜಮಾನರು ಹತ್ತಿ ಕೂತು ಕಣ್ಣು ಮುಚ್ಚಿದರು. ಅರ್ಧ ತಲೆಯ ಮೇಷ್ಟ್ರು ಬೆಂಚಿಗೆ ಹೋಗಿ ಸರದಿ ಕಾಯುತ್ತಾ ಕೂತರು. ಕ್ಷೌರಿಕ ಬಟ್ಟೆ ಕೊಡವಿ, ಯಜಮಾನರ ಕೊರಳಿಗೆ ಸುತ್ತಿ, ಮುನ್ನೂರರವತ್ತೊಂದನೆಯ ಸಲ ಕತ್ತರಿ ಎತ್ತಿಕೊಂಡ.