ನಮ್ಮೂರ ದವಾಖಾನೆಗೆ ನಾನು ಕೊಟ್ಟ ತಾಲೀಮು

ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಎರಡನೇ ಸಲ ಅದು ನನ್ನ ಬಾಯಿಂದ ಬರುತ್ತದೆ. ಮಾನ್ವಿ ಬಸ್ಸಿನ ಕಂಡಕ್ಟರ್, ಮಟಮಾರಿಯ ನಮ್ಮ ದೊಡ್ಡಪ್ಪ, ದೊಡ್ಡಪ್ಪನ ಎಮ್ಮೆ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಇಂಥ ಪ್ರತಿಭೆ ಊರ ಉದ್ಧಾರಕ್ಕೆ ಬಳಕೆಯಾಗಲೇಬೇಕೆಂದು ನಾನು ತೀರ್ಮಾನಿಸಿದೆ. ಊರಿನವರನ್ನು ಯಾರೂ ಕೇಳಲಿಲ್ಲ.

ಆಗಿದ್ದಿಷ್ಟು. ನಮ್ಮೂರಲ್ಲಿ ಒಂದು ಸಣ್ಣ ಸರ್ಕಾರಿ ದವಾಖಾನೆಯಿದೆ. ಎರಡು ಕೋಣೆ, ಒಂದು ಬೆಂಚು, ದೇವದುರ್ಗದಿಂದ ಬಂದ ರೇಣುಕಾ ಸಿಸ್ಟರ್. ಇಷ್ಟೇ. ದುಡ್ಡಿನ ಅಡಚಣೆಯಂತೆ, ಸುಧಾರಣೆಯಂತೆ. ಜನ ಕಡಿಮೆ ಬರುವ ಇಂಥವನ್ನೆಲ್ಲ ಪಕ್ಕದೂರಿನ ದವಾಖಾನೆಗೆ ಸೇರಿಸುವ ಯೋಜನೆ ತಯಾರಾಗುತ್ತಿತ್ತು. ಸೇರಿಸುವುದು ಎಂದರೆ ಮುಚ್ಚುವುದು ಎಂದು ನಮ್ಮಜ್ಜಿ ತಿಪ್ಪವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಲೇ ಹನಮ್ಯಾ, ಇದನ್ನ ಮುಚ್ಚಿದ್ರ ಬಿ.ಪಿ. ಗುಳಿಗಿಗೆ ನಾ ಈ ಮೊಣಕಾಲು ತಗೊಂಡು ಎರಡು ಹರದಾರಿ ನಡೀಬೇಕೇನೋ?"

"ಚಿಂತಿ ಬಿಡು ಯವ್ವಾ. ನಾ ಅದೀನಲ್ಲ!"

"ಅದ ಚಿಂತಿ ನನಗ" ಎಂದಳು ಅಜ್ಜಿ.

ಯೋಜನೆಯ ಸಾಹೇಬರು ರಾಯಚೂರಿನಿಂದ ಬಂದು, ಜನರನ್ನೇ ಕೇಳಿ ವರದಿ ಬರೆಯುವವರಿದ್ದರು. ಮಾನ್ವಿಯ ಒಂದು ಸಭೆಯಲ್ಲಿ ನಾನವರನ್ನು ನೋಡಿದ್ದೆ. ಕನ್ನಡಕ ಹಣೆಗೇರಿಸುವುದು, ಎರಡು ಸಲ ಕೆಮ್ಮುವುದು, "ಸಂಪನ್ಮೂಲ ಸೀಮಿತ ಅದ ನೋಡ್ರಿ" ಎನ್ನುವುದು: ಇದು ಅವರ ಪಲ್ಲವಿ. ಅಲ್ಲಿ ಅವರು ಕೇಳಿದ ಮೂರು ಪ್ರಶ್ನೆಗಳನ್ನೂ ಕ್ರಮವಾಗಿ ಬರೆದುಕೊಂಡು ಬಂದಿದ್ದೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ವಿದ್ಯಾರ್ಥಿಯ ನೆಮ್ಮದಿ ನನಗೆ!

ಮೂರು ಸಂಜೆ ದವಾಖಾನೆಯ ಪಡಸಾಲೆಯಲ್ಲಿ ತಾಲೀಮು ನಡೆಯಿತು. ಸಾಹೇಬರ ಪಾತ್ರದಲ್ಲಿ ನಾನು. ನಾನು ಕೆಮ್ಮಿದರೆ ಸಾಕು, ಊರೆಲ್ಲ ಹೊಟ್ಟೆ ಹಿಡಿದು ನಗುತ್ತಿತ್ತು. ಪ್ರಶ್ನೆ ಒಂದು, ದಿನಾ ಎಷ್ಟು ಜನ ಬರುತ್ತಾರೆ? ಕಿರಾಣಿ ಅಂಗಡಿಯ ಮಲ್ಲಪ್ಪ ಮಾವ ಹೇಳಬೇಕು: "ನೂರು ಮಂದಿ ಸಾಹೇಬ್ರ!" ಪ್ರಶ್ನೆ ಎರಡು, ಸ್ವಚ್ಛತೆ ಹೇಗಿದೆ? ಟ್ರ್ಯಾಕ್ಟರ್ ನಿಂಗಪ್ಪ ಹೇಳಬೇಕು: "ಒಂದು ನೊಣ ಸೈತ ಒಳಗ ಬರಂಗಿಲ್ರಿ!" ಪ್ರಶ್ನೆ ಮೂರು, ಇದನ್ನು ಮುಚ್ಚಿದರೆ ಏನಾಗುತ್ತದೆ? ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಬೇಕು: "ನಾ ಬದುಕಂಗಿಲ್ರೀ ಯಪ್ಪಾ!"

ಮಲ್ಲಪ್ಪ ಮಾವ ತಲೆ ಕೆರೆದುಕೊಂಡ. "ನೂರು ಮಂದಿ ಅಂದ್ರ ಸುಳ್ಳಾಗಂಗಿಲ್ಲೇನೋ ಅಳಿಯಾ?"

"ಯೋಜನಿ ಅಂದ್ರ ಹಂಗ ಮಾವಾ. ಮುಂದ ಬರೋರನ್ನೂ ಈಗ ಎಣಿಸ್ಬೇಕು."

"ಮತ್ತ ಬ್ಯಾರೆ ಏನರ ಕೇಳಿದ್ರ?"

"ಅವ್ರು ಏನ್ ಕೇಳ್ತಾರಂತ ತಲಿ ಕೆಡಿಸ್ಕೋಬ್ಯಾಡ್ರಿ. ನಿಮ್ಮ ಪಾಳಿ ಬಂತಾ, ನಿಮ್ಮ ಮಾತು ಹೇಳ್ರಿ. ಮುಗೀತು!"

ಹೌದು, ಮುಗೀತು.

ಸಾಹೇಬರು ಬಂದರು. ಕನ್ನಡಕ ಹಣೆಗೇರಿತು. ಎರಡು ಕೆಮ್ಮು. "ಸಂಪನ್ಮೂಲ ಸೀಮಿತ ಅದ ನೋಡ್ರಿ..."

ಇಡೀ ಪಡಸಾಲೆ ಘೊಳ್ಳೆಂದು ನಕ್ಕಿತು! ಮೂರು ಸಂಜೆಯ ಅಭ್ಯಾಸ, ತಡೆಯುವುದು ಹೇಗೆ? ನಿಂಗಪ್ಪನಂತೂ, "ಏ ಹನಮ್ಯಾ, ಸಾಹೇಬ್ರು ಥೇಟ್ ನಿನ್ನಂಗ ಮಾತಾಡ್ತಾರಲ್ಲೋ!" ಎಂದ. ಸಾಹೇಬರು ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ.

ಅವರು ಪೆನ್ನು ತೆಗೆದರು. ಆದರೆ ಮೊದಲ ಪ್ರಶ್ನೆಯೇ ನನ್ನ ಪಟ್ಟಿಯಲ್ಲಿರಲಿಲ್ಲ!

"ಮ್ಯಾಲಿನ ನೀರಿನ ಟಾಕಿ ಮುಚ್ಚಳ ಒಡದದಲ್ಲ, ಒಳಗ ಏನರ ಬಿದ್ದದೇನು?"

ಮೊದಲ ಪಾಳಿ ಮಲ್ಲಪ್ಪ ಮಾವನದು. "ನೂರು ಮಂದಿ ಸಾಹೇಬ್ರ!"

ಪೆನ್ನು ನಿಂತಿತು. "ಹೋಗ್ಲಿ, ಇಲ್ಲಿಗೆ ದಿನಾ ಜನ ಬರ್ತಾರೇನು?"

ನಿಂಗಪ್ಪ ಎದೆಯುಬ್ಬಿಸಿದ. "ಒಂದು ನೊಣ ಸೈತ ಒಳಗ ಬರಂಗಿಲ್ರಿ!"

ಸಾಹೇಬರು ಬೆವರೊರೆಸಿಕೊಂಡು ಅಜ್ಜಿಯ ಕಡೆ ತಿರುಗಿದರು. "ಯವ್ವಾ, ನೀನರ ಹೇಳು. ಸಿಸ್ಟರ್ ಕೊಟ್ಟ ಗುಳಿಗಿ ತಗೊಂಡ್ರ ಹೆಂಗ ಅನಸ್ತದ?"

ಅಜ್ಜಿ ಸೆರಗು ಕಣ್ಣಿಗೊತ್ತಿದಳು. "ನಾ ಬದುಕಂಗಿಲ್ರೀ ಯಪ್ಪಾ!"

ಸಿಸ್ಟರ್ ಕೈಯಲ್ಲಿದ್ದ ರಿಜಿಸ್ಟರ್ ಕೆಳಗೆ ಬಿತ್ತು.

"ಯಾರು ಕಲಿಸ್ಯಾರ ಇವ್ರಿಗೆ?" ಎಂದರು ಸಾಹೇಬರು. ಪಡಸಾಲೆಯ ಅಷ್ಟೂ ಬೆರಳುಗಳು ನನ್ನ ಕಡೆ ತಿರುಗಿದವು. ತಾಲೀಮಿಲ್ಲದೆ ಬಂದ ಸರಿಯುತ್ತರ ಅದೊಂದೇ!

"ನನ್ನ ದನಿ ತೆಗೀತೀಯಂತಲ್ಲ? ತೆಗಿ, ನೋಡೋಣು."

ಎದ್ದು ನಿಂತೆ. ಕೆಮ್ಮಿದೆ. ಎರಡಕ್ಕೆ ನಿಲ್ಲಬೇಕಾದ ಕೆಮ್ಮು ನಿಲ್ಲಲೇ ಇಲ್ಲ. ಕಣ್ಣು ಕತ್ತಲೆಯಾಗಿ ಬೆಂಚಿನ ಮೇಲೆ ಕುಸಿದೆ. ಸಿಸ್ಟರ್ ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಹುಬ್ಬು ಗಂಟಿಕ್ಕಿತು. ನೀರು ಕುಡಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ಮತ್ತೊಮ್ಮೆ ನೋಡಿದರು. ಗಂಟು ಬಿಚ್ಚಲಿಲ್ಲ.

"ಬಾಳ ಏರ್ಯದ. ಸರ್, ಮನಿ ಮನಿ ಬಿ.ಪಿ. ತಪಾಸಣಿಗಂತ ಈತನ ಮನಿಗೂ ಮೂರು ಸಲ ಹೋಗೀನ್ರಿ. ಬರದಿಟ್ಟೀನಿ ನೋಡ್ರಿ. ಮೂರು ಸಲನೂ ಅಜ್ಜಿ ಬಾಗಿಲ ಹಿಂದಿನಿಂದನ 'ಹನಮ್ಯಾ ಊರಾಗಿಲ್ಲವ್ವಾ' ಅಂದ್ರು."

ಅಜ್ಜಿ ಸೆರಗು ಕೆಳಗಿಳಿಸಿದಳು. "ನಾ ಯಾವಾಗ ಅಂದೀನವ್ವಾ?"

ಎಲ್ಲರೂ ನಿಧಾನವಾಗಿ ನನ್ನ ಗಂಟಲ ಕಡೆ ನೋಡಿದರು.

ಮೊದಲು ನಕ್ಕಿದ್ದು ಸಾಹೇಬರೇ. ನಕ್ಕು ನಕ್ಕು ಕನ್ನಡಕ ಹಣೆಯಿಂದ ಜಾರಿತು. ಆಮೇಲೆ ಮೆಲ್ಲಗೆ ಕೇಳಿದರು: "ಸಿಸ್ಟರ್, ನಿಮ್ಮನ್ನ ಪಕ್ಕದೂರಿಗೆ ಹಾಕಿದ್ರ, ಇವನ ಬಾಗಿಲಿಗೆ ನಾಲ್ಕನೇ ಸಲ ಬರ್ತೀರೇನು?"

"ಎರಡೂ ಊರು ನೋಡ್ಕೋಬೇಕಂದ್ರ ಒಂದನೇ ಸಲನೂ ಆಗಂಗಿಲ್ರಿ ಸರ್."

ಯಾರೂ ಕಲಿಸದ ಆ ಮಾತನ್ನು ಸಾಹೇಬರು ಬರೆದುಕೊಂಡರು. "ಈ ವರ್ಷ ಇಲ್ಲೇ ಇರ್ಲಿ. ಆದ್ರ ಜನ ಬರಬೇಕು. ರಿಜಿಸ್ಟರ್ ನೋಡಾಕ ಮತ್ತ ಬರ್ತೀನಿ" ಎಂದು ಹೋದರು.

ಈಗ ಪ್ರತಿ ಮಂಗಳವಾರ ಅಜ್ಜಿ ನನ್ನ ರಟ್ಟೆ ಹಿಡಿದು ದವಾಖಾನೆಗೆ ಕರೆದೊಯ್ಯುತ್ತಾಳೆ. ಮಾತಾಡಿದರೆ ಬಿ.ಪಿ. ಏರುತ್ತದಂತೆ, ಅಳೆಯುವ ಮುನ್ನ ಐದು ನಿಮಿಷ ಬಾಯಿ ಮುಚ್ಚಿ ಕೂರಬೇಕೆಂದು ಸಿಸ್ಟರ್ ಆಜ್ಞೆ. ನಾನು ಬಾಯಿ ಮುಚ್ಚಿ ಕೂರುವ ಆ ಅಪೂರ್ವ ದೃಶ್ಯ ನೋಡಲು ಊರಿಗೆ ಊರೇ ಬರುತ್ತದೆ! ಬಂದವರನ್ನು ಸಿಸ್ಟರ್ ಸುಮ್ಮನೆ ಬಿಡುವುದಿಲ್ಲ. ಅವರ ತೋಳಿಗೂ ಪಟ್ಟಿ, ರಿಜಿಸ್ಟರಿನಲ್ಲಿ ಹೆಸರು.

ಮೊನ್ನೆ ಮಲ್ಲಪ್ಪ ಮಾವ ಸಾಲಿನಲ್ಲಿ ನಿಂತು ಹೇಳಿದ: "ಅಳಿಯಾ, ನೂರು ಮಂದಿ ಅಂದದ್ದು ಖರೇನ ಆಗೋ ಹಂಗ ಕಾಣ್ತದಪ್ಪ!"

ಇದಕ್ಕೆ ಸಾಹೇಬರ ದನಿಯಲ್ಲೇ ಉತ್ತರ ಕೊಡಬೇಕೆಂದು ಬಾಯಿ ತೆರೆದೆ.

"ಶ್... ಬಾಯಿ ಮುಚ್ಚು!" ಎಂದಿತು ಇಡೀ ಸಾಲು. ಥೇಟ್ ಸಿಸ್ಟರ್ ದನಿಯಲ್ಲಿ!