ಕುಡ್ಲ ಕಾಟೇಜಿನ ಹೆಣ್ಣು

ಮಗಳಿಗೆ ಗಂಡು ಹುಡುಕಲು ಜನ ಏನೇನೋ ಮಾಡುತ್ತಾರೆ. ಜಾತಕ ಹಂಚುತ್ತಾರೆ, ಮದುವೆ ಊಟದ ಪಂಕ್ತಿಯನ್ನೇ ಇಂಟರ್‌ವ್ಯೂ ಬೋರ್ಡ್ ಮಾಡಿಕೊಳ್ಳುತ್ತಾರೆ. ನನ್ನ ಸೋದರತ್ತೆ ಅದಕ್ಕಾಗಿ ಬೊಂಬಾಯಿಯ ಮಾರ್ವೆ ಕಡಲ ದಂಡೆಯಲ್ಲಿ ಒಂದು ಹಾಲಿಡೇ ಹೋಮ್ ತೆರೆದರು. ಇಷ್ಟೇ ಆಗಿದ್ದರೆ ಅವರನ್ನು ಎಂಟರ್‌ಪ್ರೈಸಿಂಗ್ ಎಂದು ಹೊಗಳಿ ಸುಮ್ಮನಾಗಬಹುದಿತ್ತು. ತೊಡಕೇನೆಂದರೆ, ಮಗಳು ವಿಮಲ ಮೂರು ವರ್ಷದ ಕೂಸಾಗಿದ್ದಾಗಲೇ ಜ್ವರದಲ್ಲಿ ತೀರಿಹೋಗಿದ್ದಳು.

ಗಾಬರಿಯಾಗಬೇಡಿ. ತುಳುನಾಡಿನ ಕಡೆಯವರಿಗೆ ಇದು ಗೊತ್ತಿರುವ ಸಂಗತಿ. ಎಳವೆಯಲ್ಲಿ ಸತ್ತ ಮಕ್ಕಳು ಸತ್ತ ವಯಸ್ಸಿನಲ್ಲೇ ನಿಂತುಬಿಡುವುದಿಲ್ಲ, ನಮ್ಮ ಜೊತೆಗೇ ಬೆಳೆಯುತ್ತಾರೆ. ಪ್ರಾಯ ಬಂದಾಗ ಅವರಿಗೂ ಮದುವೆಯಾಗಬೇಕು. ಗಂಡೂ ಹಾಗೆಯೇ ಸತ್ತವನಾಗಿರಬೇಕು, ನಮ್ಮ ಜಾತಿಯವನಾಗಿರಬೇಕು, ಬೇರೆ ಬರಿಯವನಾಗಿರಬೇಕು. ಬರಿ ಎಂದರೆ ಗೋತ್ರವಿದ್ದ ಹಾಗೆ. ಮದುವೆ ಆಗದೇ ಹೋದರೆ? ತನ್ನದೆಂಬ ಮನೆಯಿಲ್ಲದೆ ಅಲೆಯುತ್ತಾಳೆ. ಅತ್ತೆಯ ನಿದ್ದೆ ಕೆಡಿಸಿದ್ದು ಇದೊಂದೇ ಮಾತು.

ಊರಿನಲ್ಲಾದರೆ ಇಂಥ ಸಂಬಂಧ ಕುದುರಿಸುವವರಿದ್ದಾರೆ. ಅತ್ತೆ ಒಪ್ಪಬೇಕಲ್ಲ. "ಬೊಂಬಾಯಿಯಲ್ಲಿ ಹುಟ್ಟಿದ ಹುಡುಗಿ. ಅವಳಿಗೆ ಊರಲ್ಲಿ ಸರಿಹೋಗ್ತದಾ?" ಎಂದುಬಿಟ್ಟರು.

ಮಾವನಿಗೆ ಮಲಾಡಿನಲ್ಲಿ ಹೋಟೆಲಿತ್ತು. ಅರುವತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾರ್ವೆಯ ಹಳೇ ಬಂಗಲೆಯೊಂದನ್ನು ಅವರು ಲೀಸಿಗೆ ಹಿಡಿದರು. ಅದಕ್ಕೆ ಹೆಸರಿಡುವ ಕೆಲಸ ನನ್ನ ಪಾಲಿಗೆ ಬಂತು. ಕಾನ್ವೆಂಟಿನಲ್ಲಿ ಓದಿದವಳು, ಎಸ್ಸೇ ಬರೆದು ಪ್ರೈಜ್ ತಂದವಳು, ಬಿಡುತ್ತೇನೆಯೇ? ಸೀ ಬ್ರೀಜ್ ಎಂದೆ. ಸನ್‌ಸೆಟ್ ವಿಲ್ಲಾ ಎಂದೆ. ಕೊನೆಗೆ ಹನಿಮೂನ್ ಕಾಟೇಜ್ ಎಂದೆ.

"ಹನಿಮೂನಿಗೆ ಬಂದವರಿಗೆ ಸತ್ತ ಮಗ ಎಲ್ಲಿಂದ ಬರ್ಬೇಕು, ಮಾರಾಯ್ತಿ?" ಎಂದರು ಅತ್ತೆ.

ಅವರೇ ಕುಡ್ಲ ಕಾಟೇಜ್ ಎಂದು ಹೆಸರಿಟ್ಟರು. ಕುಡ್ಲ ಎಂದರೆ ತುಳುವಿನಲ್ಲಿ ಮಂಗಳೂರು. ಬೋರ್ಡನ್ನು ಕನ್ನಡ ಅಕ್ಷರದಲ್ಲಿ ಮಾತ್ರ ಬರೆಸಿದರು. ಇಂಗ್ಲಿಷಿನಲ್ಲೂ ಇರಲಿ ಅತ್ತೆ, ಪಾರ್ಸಿಗಳು, ಗುಜರಾತಿಗಳು ಎಲ್ಲರೂ ಬರುತ್ತಾರೆ ಎಂದೆ. "ಬಂದು? ಅವರ ಹುಡುಗ ನಮಗೆ ಆಗ್ತಾನಾ?" ಎಂದು ಮರುಪ್ರಶ್ನೆ.

ಮಾರ್ಕೆಟಿಂಗ್ ಕಲಿತವರು ಈ ಮಾತಿಗೆ ತಲೆ ಚಚ್ಚಿಕೊಳ್ಳಬಹುದು. ಆದರೆ ಬಿಸಿನೆಸ್ ಏರಿತು ನೋಡಿ. ಬೊಂಬಾಯಿಯ ಬಸ್ಸಿನ ಕಿಟಕಿಯಿಂದ ಕನ್ನಡ ಅಕ್ಷರ ಕಂಡರೆ ಸಾಕು, ನಮ್ಮ ಜನ ಮಕ್ಕಳುಮರಿ ಸಮೇತ ಇಳಿದುಬಿಡುತ್ತಿದ್ದರು. ಶನಿವಾರ ಬಂದು ಕಡಲಿನಲ್ಲಿ ಮಿಂದು, ಅತ್ತೆಯ ಕೈಯ ಬಂಗುಡೆ ಮೀನಿನ ಗಸಿ ಉಂಡು, ಸೋಮವಾರ ಬೆಳಿಗ್ಗೆ ಹೊರಡುವುದು. ಬುಕಿಂಗ್ ಎಲ್ಲ ಮಾವನ ಹೋಟೆಲಿನ ಗಲ್ಲಾದಲ್ಲೇ.

ಕೀ ಕೈಗೆ ಬರುವ ಮೊದಲು ಮಾತ್ರ ಒಂದು ಪರೀಕ್ಷೆಯಿತ್ತು. ಚಾ, ಗೋಳಿಬಜೆ, ಕುಶಲೋಪರಿ. ನಂತರ ಅತ್ತೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಿದ್ದರು. ಸಾಂತಾಕ್ರೂಜಿನಿಂದ ಬಂದ ಬ್ಯಾಂಕ್ ಆಫೀಸರರ ಹೆಂಡತಿಯೊಬ್ಬರಿಗೆ ಆದದ್ದನ್ನು ನಾನೇ ಕಂಡಿದ್ದೇನೆ.

"ನಿಮಗೆ ಮಕ್ಕಳು ಎಷ್ಟು?"

"ಮೂವರು."

"ಇರುವವರದ್ದಲ್ಲ ಕೇಳಿದ್ದು."

ಆಕೆಯ ಗೋಳಿಬಜೆ ಕೈಯಲ್ಲೇ ಉಳಿಯಿತು. ಅತ್ತೆ ಮೃದುವಾಗಿ, "ನಿಮ್ಮ ಮೈದುನಂದಿರಲ್ಲಿ ಯಾರಾದ್ರೂ ಹೋಗಿದ್ದಾರಾ? ಚಿಕ್ಕ ಪ್ರಾಯದಲ್ಲಿ?" ಎಂದು ಮುಂದುವರಿಸಿದರು. ಕಾನ್ವೆಂಟಿನ ನಮ್ಮ ಸಿಸ್ಟರುಗಳು ಕೇಳಿದ್ದರೆ, ವೆರಿ ಇಂಡೆಲಿಕೇಟ್ ಎಂದು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಆ ಹೆಂಗಸು ಅವತ್ತೇ ಹೊರಟುಹೋದರು. ಹೋಗಿ ತಮ್ಮ ಬಿಲ್ಡಿಂಗಿಗೆಲ್ಲ ಹೇಳಿದರು. ಮುಂದಿನ ವಾರ ಆ ಬಿಲ್ಡಿಂಗಿನಿಂದಲೇ ನಾಲ್ಕು ಸಂಸಾರ ಬಂತು. ಹೆದರಿಕೆಗಿಂತ ದೊಡ್ಡ ಅಡ್ವರ್ಟೈಸ್‌ಮೆಂಟ್ ಉಂಟೇ?

ಇನ್ನು ಹಿಂದಿನ ಕೋಣೆಯ ಮಾತು. ಅದನ್ನು ಬಾಡಿಗೆಗೆ ಕೊಡುತ್ತಿರಲಿಲ್ಲ, ಅದು ವಿಮಲಳ ಕೋಣೆ. ಅವಳು ನನಗಿಂತ ಮೂರು ತಿಂಗಳಿಗೆ ಚಿಕ್ಕವಳು. ನಾನು ಬೆಳೆದ ಹಾಗೆ ಅವಳೂ ಬೆಳೆಯಬೇಕಲ್ಲ? ಪ್ರತಿ ದೀಪಾವಳಿಗೆ ಟೈಲರ್ ನನ್ನ ಅಳತೆ ತೆಗೆದುಕೊಂಡು ಎರಡು ಫ್ರಾಕ್ ಹೊಲಿಯುತ್ತಿದ್ದ. ಒಂದು ನನಗೆ. ಇನ್ನೊಂದು ಅತ್ತೆಯ ಟ್ರಂಕಿಗೆ. ಫ್ರಾಕು ಹೋಗಿ ಲಂಗ ಬಂತು, ಲಂಗ ಹೋಗಿ ಸೀರೆ ಬಂತು. ಒಂದು ವರ್ಷ ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟು, "ಸ್ವಲ್ಪ ದಪ್ಪ ಆಗಿದ್ದಾಳೆ," ಎಂದರು. ಯಾರ ಬಗ್ಗೆ ಹೇಳಿದರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ಬಟ್ಟೆಗಳನ್ನು ಅತ್ತೆ ವಾರಕ್ಕೊಮ್ಮೆ ಒಗೆದು ಅಂಗಳದ ಹಗ್ಗಕ್ಕೆ ಹರವುತ್ತಿದ್ದರು. ಸೆಕೆಯ ಮಧ್ಯಾಹ್ನಗಳಲ್ಲಿ, ಗಾಳಿ ಪೂರ್ತಿ ನಿಂತಾಗಲೂ, ಒಂದು ಸೀರೆ ಮಾತ್ರ ಹಿಂದೆ ಯಾರೋ ನಿಂತಿರುವಂತೆ ಮುಂದಕ್ಕೆ ಉಬ್ಬಿರುತ್ತಿತ್ತು. ಗುಡಿಸಿದ ಕೋಣೆಯಲ್ಲಿ ಮತ್ತೆ ಮರಳು ಇರುತ್ತಿತ್ತು, ಕಡಲಿನಿಂದ ಒದ್ದೆ ಕಾಲಲ್ಲಿ ಬಂದವರು ಉದುರಿಸುವಂಥ ಮರಳು. ನಾಯಿಯ ಕೆಲಸ ಎಂದು ನಾನು ಹೇಳುತ್ತಿದ್ದೆ. ನಮ್ಮಲ್ಲಿ ನಾಯಿ ಇರಲಿಲ್ಲ.

ಒಮ್ಮೆ ಧಾರಾವಿಯ ಚರ್ಮದ ವ್ಯಾಪಾರಿಯೊಬ್ಬರ ಹೆಂಡತಿ ಹೊರಡುವಾಗ ಅತ್ತೆಯ ಕೈ ಹಿಡಿದು ಹೇಳಿದರು, "ನಿಮ್ಮ ಮಗಳು ಎಷ್ಟು ಪಾಪದವಳು, ಸಾಧು. ನಿನ್ನೆ ಮಧ್ಯಾಹ್ನ ಇಡೀ ನಮ್ಮ ಮಗುವನ್ನು ಅಂಗಳದ ಉಯ್ಯಾಲೆಯಲ್ಲಿ ತೂಗಿದ್ಳು. ಒಂದು ಮಾತಿಲ್ಲ."

"ಅವಳಿಗೆ ನಾಚಿಕೆ ಸ್ವಲ್ಪ ಜಾಸ್ತಿ," ಎಂದರು ಅತ್ತೆ.

ಆಕೆ ಕಂಡದ್ದು ನನ್ನನ್ನೇ ಇರಬೇಕು ಎಂದು ನೀವು ಹೇಳುತ್ತೀರಿ. ನನಗೂ ಹಾಗೆ ನಂಬಲು ತುಂಬ ಇಷ್ಟ. ಆದರೆ ಹಿಂದಿನ ದಿನವಿಡೀ ನಾನು ಸಾಂತಾಕ್ರೂಜಿನ ನಮ್ಮ ಮನೆಯಲ್ಲಿದ್ದೆ.

ಹೀಗೆ ವರ್ಷಗಳು ಹೋದವು. ಕಾಟೇಜು ತುಂಬಿ ತುಳುಕುತ್ತಿತ್ತು, ಗಂಡು ಮಾತ್ರ ಸಿಗಲಿಲ್ಲ. ಸಿಕ್ಕಿದವರು ಒಂದೋ ಅದೇ ಬರಿಯವರು, ಇಲ್ಲವೋ ಬಾಯಿಬಿಡದವರು. ಎಪ್ಪತ್ತರ ದಶಕ ಶುರುವಾಗಿತ್ತು. ನನ್ನ ಮದುವೆ ಗೊತ್ತಾಯಿತು. ಅತ್ತೆ ನನ್ನನ್ನು ಹರಸಿ ಒಳಗೆ ಹೋದರು. ಹಿಂದಿನ ಕೋಣೆಯಿಂದ ಅವರ ದನಿ ಕೇಳಿತು: "ಬೇಜಾರು ಮಾಡ್ಬೇಡ ಮಗಾ. ನಿನಗೂ ಆಗ್ತದೆ."

ಅದೇ ಮಳೆಗಾಲ ಒಂದು ಮಧ್ಯಾಹ್ನ ವಯಸ್ಸಾದವರೊಬ್ಬರು ಕೊಡೆ ಮಡಚುತ್ತಾ ಒಬ್ಬರೇ ಬಂದರು. ಗೋರೆಗಾಂವಿನ ಸಿನಿಮಾ ಸ್ಟುಡಿಯೋ ಒಂದರ ಕ್ಯಾಂಟೀನಿನಲ್ಲಿ ಅಡುಗೆಯವರಂತೆ. ಚಾ ಕೊಟ್ಟೆ, ಮುಟ್ಟಲಿಲ್ಲ.

"ನೀವು ಬಂದವರ ಹತ್ರ ಏನೋ ಕೇಳ್ತೀರಂತೆ," ಎಂದರು.

ಅತ್ತೆ ತಬ್ಬಿಬ್ಬಾದರು.

"ಕೇಳಿ," ಎಂದರು ಅವರು. "ನನ್ನ ಹತ್ರ ಯಾರೂ ಕೇಳೋದಿಲ್ಲ. ಹೆಸರೆತ್ತಿದ್ರೆ ಹೆಂಡತಿ ಅಳ್ತಿದ್ಳು, ಹಾಗೆ ಬಿಟ್ಟದ್ದು. ಈಗ ಅವಳೂ ಇಲ್ಲ."

"ಹೆಸರೇನು?"

"ಸುಧಾಕರ." ಹೇಳಿ ಅಭ್ಯಾಸ ತಪ್ಪಿದ ಹೆಸರು. ಮತ್ತೊಮ್ಮೆ ಸರಿಯಾಗಿ ಹೇಳಿದರು.

ಬರಿ ಬೇರೆಯಾಗಿತ್ತು. ಅತ್ತೆ ಸೆರಗು ಸರಿಮಾಡಿಕೊಂಡು ಹೆಣ್ಣಿನ ತಾಯಿಯ ಗತ್ತಿಗೆ ಬಂದರು.

"ಹುಡುಗ ಹೇಗೆ?"

"ಸ್ವಲ್ಪ ಪೋಕರಿ. ಏಳು ವರ್ಷ ಆಗ."

"ಈಗ?"

ಅವರು ಕಡಲಿನ ಕಡೆ ನೋಡಿ ಯೋಚಿಸಿದರು. "ಈಗ ಸುಧಾರಿಸಿರ್ಬೇಕು. ಆದ್ರೆ ನಮ್ದು ಚಾಳಿನ ಸಣ್ಣ ರೂಮು."

"ಅವಳಿಗೆ ಹೆಚ್ಚು ಜಾಗ ಬೇಡ," ಎಂದರು ಅತ್ತೆ.

ಬದುಕಿರುವವರ ಮದುವೆಗಳು ನಿಲ್ಲುವ ಆಟಿ ತಿಂಗಳಲ್ಲಿ, ದೀಪ ಹಚ್ಚುವ ಹೊತ್ತಿಗೆ ಮದುವೆಯಾಯಿತು. ಎರಡು ಕುರ್ಚಿ. ಒಂದರ ಮೇಲೆ ಧೋತರ, ಶಲ್ಯ. ಇನ್ನೊಂದರ ಮೇಲೆ ಸೀರೆ, ನನ್ನ ಅಳತೆಯ ರವಿಕೆ. ಮಲ್ಲಿಗೆ ಮುಡಿಸಿದ್ದು ನಾನು. ಕರಿಮಣಿಯನ್ನು ಆ ಕುರ್ಚಿಗೆ ಕಟ್ಟುವಾಗ ನನ್ನ ಕುತ್ತಿಗೆಗೆ ತಣ್ಣಗೆ ಏನೋ ತಾಗಿ ಜಾರಿಹೋಯಿತು. ಮಳೆಗಾಳಿ ಎಂದುಕೊಂಡೆ. ವೆಂಟಿಲೇಶನ್ ಬಗ್ಗೆ ಕಾನ್ವೆಂಟಿನಲ್ಲಿ ಪಾಠವೇ ಇತ್ತಲ್ಲ? ಕಿಟಕಿಗಳು ಮುಚ್ಚಿದ್ದುದನ್ನು ಆಮೇಲೆ ಗಮನಿಸಿದೆ.

ಮರುದಿನ ಬೆಳಿಗ್ಗೆ ಜೋರು ಗಾಳಿ. ತೆಂಗಿನ ಮರಗಳೆಲ್ಲ ತೂಗುತ್ತಿದ್ದವು. ಉಯ್ಯಾಲೆ ಮಾತ್ರ ಅಲುಗಲಿಲ್ಲ.

ಹೆಣ್ಣನ್ನು ಕಳಿಸಿಕೊಡಲು ಮಲಾಡ್ ಸ್ಟೇಷನ್ನಿಗೆ ಹೋದೆವು. ಸೀರೆ, ಬಳೆ, ಕುಂಕುಮದ ಭರಣಿ ಎಲ್ಲ ಸೇರಿ ಒಂದು ಕೆಂಪು ಬಟ್ಟೆಯ ಗಂಟು, ಹುಡುಗನ ತಂದೆ ಎದೆಗೊತ್ತಿ ಹಿಡಿದದ್ದು. ಮಲಾಡಿನಿಂದ ಗೋರೆಗಾಂವ್ ಪಕ್ಕದ ಸ್ಟೇಷನ್. ಅತ್ತೆ ಅತ್ತದ್ದು ನೋಡಿದರೆ ಮಗಳು ಹಡಗು ಹತ್ತಿ ಆಫ್ರಿಕಾಕ್ಕೆ ಹೊರಟಿದ್ದಾಳೆ ಎನ್ನಬೇಕು.

"ಗುಡುಗಿಗೆ ಹೆದರ್ತಾಳೆ. ಒಂದು ದೀಪ ಉರೀತಾ ಇರ್ಲಿ."

"ಆಯ್ತು."

"ಹಾಗಲಕಾಯಿ ತಿನ್ನೋದಿಲ್ಲ. ಗದರ್ಬೇಡಿ."

"ಇಲ್ಲಮ್ಮ. ಅವನಿಗೂ ಆಗೋದಿಲ್ಲ ಅದು."

ರಶ್ಶಿನ ಗಾಡಿಗಳನ್ನು ಬಿಟ್ಟು, ಸ್ವಲ್ಪ ಖಾಲಿಯಿದ್ದ ಲೋಕಲ್ಲಿಗೆ ಅವರು ಹತ್ತಿದರು. ಗಂಟನ್ನು ಕಿಟಕಿಯ ಬದಿ ಕೂರಿಸಿ, ಪಕ್ಕದಲ್ಲಿ ತಾವು ಕೂತರು. ಅತ್ತೆ ಕಿಟಕಿಯ ಸರಳು ಹಿಡಿದು ನಿಂತರು. ಅಷ್ಟರಲ್ಲಿ ಟಿಫಿನ್ ಡಬ್ಬಿ ಹಿಡಿದ ಆಫೀಸಿನ ಮನುಷ್ಯನೊಬ್ಬ ನುಗ್ಗಿ ಬಂದು, ಗಂಟನ್ನು ಸರಿಸಲು ಕೈ ಚಾಚಿ ಕೇಳಿದ, "ಕೋಯೀ ಬೈಠಾ ಹೈ ಕ್ಯಾ?"

"ಹಾಂ," ಎಂದರು ಅವರು. "ಮೇರೀ ಬಹೂ."

ಸೊಸೆ ಎನ್ನಿಸಿಕೊಂಡ ಗಂಟನ್ನು ಆತ ನೋಡಿದ. ಅವರ ಮುಖ ನೋಡಿದ, ಕಿಟಕಿಯಾಚೆ ಅತ್ತೆಯ ಮುಖವನ್ನೂ ನೋಡಿದ. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಹೆಂಗಸರು ಕೂತಲ್ಲಿ ಮರ್ಯಾದಸ್ಥ ಗಂಡಸರು ನಿಲ್ಲುವ ಹಾಗೆ, ಮೈ ತಾಗದಂತೆ ಸ್ವಲ್ಪ ಸರಿದು ನಿಂತ.